ಅಪ್ಪನ ಎಡಗೆನ್ನೆ

ಯಾರಾದರೂ ನಕ್ಕರೆ ಆ ಮನುಷ್ಯನಿಗೆ ಮೈ ಉರಿಯುತ್ತಿತ್ತು. ಅವನ ಕಸುಬು ಏನು ಅಂತ ಕೇಳಿದರೆ ನೀವೇ ನಗುತ್ತೀರಿ. ಹಲ್ಲಿಲ್ಲದವರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು. ಊರಿನ ಅರ್ಧ ಮುದುಕರ ನಗು ಹೊರಟಿದ್ದು ಅವನ ಕೈಯಿಂದಲೇ. ಅವನ ಮುಖ ಮಾತ್ರ ಸದಾ ಹರಳೆಣ್ಣೆ ಕುಡಿದ ಹಾಗೆ. ಬೀದಿಯವರು ಅದನ್ನೇ ಹೆಸರು ಮಾಡಿಬಿಟ್ಟಿದ್ದರು. ಎದುರಿಗೆ ಬಂದರೆ ‘ಏನ್ರೀ’, ಬೆನ್ನು ತಿರುಗಿಸಿದರೆ ‘ಹರಳೆಣ್ಣೆ’. ಅವನಿಗೂ ಗೊತ್ತಿತ್ತು, ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರು ಮಾಡಿಕೊಳ್ಳುವ ಕೆಲಸವನ್ನು ಅವನು ಬೇರೆಯವರಿಗೆ ಮೀಸಲಿಟ್ಟಿದ್ದ.

ಸೈಕಲ್ ಅಂಗಡಿಯ ಮೇಲೆ ಒಂದು ರೂಮು, ಅದರ ಹಿಂದೆ ಮಂಚ ಹಾಕುವಷ್ಟು ಜಾಗ. ಹಿಂದಿನದು ಮನೆ, ಮುಂದಿನದು ಕೆಲಸದ ಜಾಗ. ಮೇಜಿನ ಮೇಲೆ ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಒಸಡುಗಳ ಸಾಲು. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಅವನು ಅದಕ್ಕೆ ಪ್ಲಾಸ್ಟರು ಹೊಯ್ದು, ಮೇಣದಲ್ಲಿ ಹಲ್ಲು ಜೋಡಿಸಿ, ಮೇಣ ಕರಗಿಸಿ ಆ ಜಾಗದಲ್ಲಿ ಗುಲಾಬಿ ಬಣ್ಣದ ಪ್ಲಾಸ್ಟಿಕ್ಕು ತುಂಬಿ, ಉಜ್ಜಿ, ಹೊಳಪು ಕೊಟ್ಟು ವಾಪಸ್ ಕಳಿಸುತ್ತಿದ್ದ. ಕೂದಲಿಗೆ, ಹುಬ್ಬಿಗೆ, ಕಿವಿಯ ಒಳಗೆ ಬಿಳೀ ಪುಡಿ. ಕೆಲಸದಲ್ಲಿ ಎತ್ತಿದ ಕೈ, ಬಾಯಿ ಮಾತ್ರ ಹಾಳು ಬಾಯಿ.

ಒಮ್ಮೆ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದು ಹಳೇ ಫೋಟೋ ತೋರಿಸಿದಳು. “ಈ ವಯಸ್ಸಲ್ಲಿ ನಾನು ಹೇಗಿದ್ದೆನೋ ಹಾಗೇ ಮಾಡಿಕೊಡಿ” ಅಂದಳು. ಇವನು ಫೋಟೋ ನೋಡಿದ, ಆಕೆಯನ್ನು ನೋಡಿದ.

“ಇವರು ಯಾರು?” ಅಂದ.

“ನಾನೇ ಕಣಪ್ಪ.”

“ಇವರು ಹೋಗಿ ಎಷ್ಟೋ ವರ್ಷ ಆಯ್ತಮ್ಮ. ನೀವು ಬೇರೆ. ಅವರ ಹಲ್ಲು ನಿಮಗೆ ಯಾಕೆ?”

ಆಕೆ ಡಾಕ್ಟರ ಹತ್ತಿರ ದೂರು ಕೊಟ್ಟಳು. ಡಾಕ್ಟರು ಬೈದರು. ಅವನು ಬೈಸಿಕೊಂಡ, ಆದರೆ ಆಡಿದ್ದಕ್ಕೆ ಒಂದಿಷ್ಟೂ ಪಶ್ಚಾತ್ತಾಪ ಪಡಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುವ ಗಾದೆ ತನಗೋಸ್ಕರವೇ ಹುಟ್ಟಿದ್ದು ಅಂತ ಅವನ ನಂಬಿಕೆ. ಮನುಷ್ಯರು ಸುಳ್ಳಿನ ಮೇಲೆ ಬದುಕುತ್ತಾರೆ, ತಾನೊಬ್ಬ ಮಾತ್ರ ಇಲ್ಲ. ಅವನ ಹೆಮ್ಮೆ ಎಲ್ಲಾ ಇದೊಂದರಲ್ಲೇ ಇತ್ತು.

ಈ ಕಹಿ ಎಲ್ಲಿಂದ ಬಂತು ಅಂದರೆ, ಅವನ ಅಪ್ಪನ ಮುಖದಿಂದ.

ಅಪ್ಪ ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದ. ಮದುವೆಗೂ ಮುಂಚೆ ಯಾವುದೋ ಮಿಷನ್ನಿನ ಹ್ಯಾಂಡಲ್ಲು ಹಿಂದಕ್ಕೆ ಹೊಡೆದು ಮೇಲಿನ ಹಲ್ಲೆಲ್ಲ ಹೋಗಿ, ಕಟ್ಟು ಹಲ್ಲಿನ ಪ್ಲೇಟು ಹಾಕಿಸಿಕೊಂಡಿದ್ದ. ಇದು ಮನೆಯಲ್ಲಿ ಗುಟ್ಟೇನಲ್ಲ. ರಾತ್ರಿ ಆದರೆ ಪ್ಲೇಟು ಲೋಟದ ನೀರಿನಲ್ಲಿ ಮಲಗುತ್ತಿತ್ತು. ಆದರೆ ಆ ಅಪ್ಪನಿಗೆ ಒಂದು ನಗು ಇತ್ತು. ಎಡಗೆನ್ನೆ ಸ್ವಲ್ಪ ಬಿಗಿಯಾಗಿ, ತುಟಿಯ ಅಂಚು ಮೇಲೆ ಹೋಗಿ, ಎಡಗಣ್ಣು ಕಿರಿದಾಗುವ ನಗು. ತುಂಟತನ ಮತ್ತು ಅಕ್ಕರೆ ಎರಡೂ ಸೇರಿದ ಹಾಗೆ ಕಾಣುತ್ತಿತ್ತು. ಸಂಜೆ ಅಕ್ಕ ಬಾಗಿಲು ತೆಗೆದರೆ ಅಪ್ಪನ ಮುಖದಲ್ಲಿ ಅದು ಬರುತ್ತಿತ್ತು. “ಏನಮ್ಮಾ ಮಾಡಿದೆ ಇವತ್ತು?” ಅಂತ ಕೇಳುತ್ತಿದ್ದ. ಬಾಗಿಲು ಇವನು ತೆಗೆದ ದಿನ ಚೀಲ ಕೈಗೆ ಕೊಟ್ಟು ಒಳಗೆ ಹೋಗುತ್ತಿದ್ದ, ಅಷ್ಟೇ.

ಅಕ್ಕನಿಗೂ ಅದೇ ನಗು. ಅಚ್ಚು ಒತ್ತಿದ ಹಾಗೆ. ಬಂದವರೆಲ್ಲ “ಅಪ್ಪನ ನಗು ಮಗಳಿಗೆ ಬಂದಿದೆ” ಅನ್ನುವವರೇ. ಆಮೇಲೆ ಇವನ ಕಡೆ ತಿರುಗಿ ಸುಮ್ಮನಾಗುವರು. ಅಕ್ಕ ಸುಮ್ಮನಿರುತ್ತಿರಲಿಲ್ಲ. “ಇವನನ್ನ ಎಲ್ಲೋ ಬಿದ್ದಿದ್ದನ್ನ ಎತ್ಕೊಂಡು ಬಂದಿದ್ದು” ಅಂತ ನಗುತ್ತಿದ್ದಳು, ಅದೂ ಅದೇ ನಗು. ಮಕ್ಕಳ ತಮಾಷೆ ಅಂತ ನೀವು ಅನ್ನಬಹುದು. ಆ ತಮಾಷೆ ಅವನ ಹೊಟ್ಟೆಯೊಳಗೆ ಇಳಿದು ಅಲ್ಲೇ ಮನೆ ಮಾಡಿತ್ತು. ಕನ್ನಡಿ ಮುಂದೆ ನಿಂತು ಎಡಗೆನ್ನೆ ಎಳೆದು ನೋಡಿಕೊಂಡಿದ್ದ. ಹಲ್ಲುನೋವು ಬಂದವನ ಹಾಗೆ ಕಂಡಿತ್ತು. ಆಮೇಲೆ ಬಿಟ್ಟುಬಿಟ್ಟ.

ಅಕ್ಕ ಆ ನಗುವಿನಿಂದಲೇ ಬದುಕಿದಳು. ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೆಲಸ. ನೋವಿನಿಂದ ಬಂದವರು ಅವಳ ಮುಖ ನೋಡಿದರೆ ಅರ್ಧ ವಾಸಿ ಅಂತ ಹೇಳುವರು. ಅವಳ ಮಗಳಿಗೂ ಅದೇ ನಗು ಬಂತು. ಅಪ್ಪ ಮುದುಕನಾದ ಮೇಲೆ ಅಕ್ಕನ ಮನೆಯಲ್ಲೇ ಇದ್ದ. ಇವನು ತಿಂಗಳಿಗೊಮ್ಮೆ ಹೋಗಿ ಕುರ್ಚಿಯ ಅಂಚಿನಲ್ಲಿ ಕೂತು ಬರುತ್ತಿದ್ದ. ಇಡೀ ಜನ್ಮದಲ್ಲಿ ಅವನಿಗೆ ಬೇಕಿದ್ದದ್ದು ಒಂದೇ. ಆ ಎಡಗೆನ್ನೆ ಒಮ್ಮೆ ತನ್ನ ಕಡೆ ಏಳಬೇಕು. ಅದನ್ನು ಯಾರ ಹತ್ತಿರವೂ ಹೇಳಲಿಲ್ಲ. ಸತ್ಯ ಹೇಳುವವನು ಅಂತ ಮೆರೆಯುತ್ತಿದ್ದನಲ್ಲ, ಇದೊಂದನ್ನು ಮಾತ್ರ ನುಂಗಿಕೊಂಡಿದ್ದ.

ಒಂದು ಬೆಳಿಗ್ಗೆ ಅಕ್ಕ ಮೆಟ್ಟಿಲು ಹತ್ತಿ ಬಂದಳು. ಕರವಸ್ತ್ರ ಬಿಚ್ಚಿದಳು. ಅಪ್ಪನ ಪ್ಲೇಟು ಎರಡು ತುಂಡಾಗಿತ್ತು.

“ಬಚ್ಚಲಲ್ಲಿ ಬಿದ್ದಿತ್ತು, ನೋಡದೆ ತುಳಿದುಬಿಟ್ಟೆ. ಒಂದು ಚೂರು ನೀರಲ್ಲಿ ಹೋಯ್ತು. ಅಂಟಿಸೋಕ್ಕಾಗುತ್ತಾ?”

“ಇದು ಅಂಟಿಸೋ ಮಾಲಲ್ಲ, ಎಸೆಯೋ ಮಾಲು. ಹೊಸದು ಮಾಡ್ತೀನಿ.”

“ಇದೇ ಥರ ಬೇಕು. ಅಪ್ಪನ ಮುಖ ಒಂದು ಎಳೆ ಬದಲಾಗಬಾರದು, ಹೇಳಿದ್ದೀನಿ.”

“ನಂಗೆ ಕೆಲಸ ಹೇಳಿಕೊಡ್ಬೇಡ” ಅಂದ. ಆದರೆ ಅವಳು ಇಳಿದು ಹೋದ ಮೇಲೆ ಆ ತುಂಡುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಅಪ್ಪನ ನಗು ಇನ್ನು ಮುಂದೆ ತನ್ನ ಕೈಯದ್ದು. ಮೊದಲು ಅದನ್ನು ನೋಡುವವನೂ ತಾನೇ. ಹರಳೆಣ್ಣೆಗೆ ಅವತ್ತು ಸಂತೋಷ ಆಗಿತ್ತು, ಅದನ್ನು ಮುಚ್ಚಿಟ್ಟುಕೊಳ್ಳಲು ಇಡೀ ದಿನ ಸೈಕಲ್ ಅಂಗಡಿಯವನ ಜೊತೆ ಜಗಳ ಆಡಿದ.

ಅಳತೆಯನ್ನು ತಾನೇ ಹೋಗಿ ತೆಗೆದ. ಅಪ್ಪನ ಬಾಯಿಗೆ ಅವನು ಕೈ ಹಾಕಿದ್ದು ಅದೇ ಮೊದಲು. ಅಪ್ಪ ಕಣ್ಣು ಮುಚ್ಚಿಕೊಂಡು, ಮೂಗಿನಿಂದ ಉಸಿರು ಬಿಡುತ್ತಾ, ಮಗನ ಹೆಬ್ಬೆರಳು ಅಂಗುಳಕ್ಕೆ ಒತ್ತುವುದನ್ನು ಸಹಿಸಿಕೊಂಡ. ಹಳೇ ತುಂಡಿನ ಹಲ್ಲುಗಳನ್ನೇ ನೋಡಿ, ಅದೇ ಆಕಾರ, ಅದೇ ಬಣ್ಣ, ಮುಂದಿನ ಎರಡು ಹಲ್ಲಿನ ಅದೇ ವಾರೆ ಕೊಟ್ಟ. ಬೇರೆಯವರ ಕೆಲಸವನ್ನು ಬದಿಗಿಟ್ಟು ಇದೊಂದನ್ನು ಮಾಡಿದ. ಅವನ ಜೀವಮಾನದಲ್ಲಿ ಅಷ್ಟು ಚೆನ್ನಾದ ಪ್ಲೇಟು ಮಾಡಿರಲಿಲ್ಲ.

ಹಾಕಿಸಿದ. ಪ್ಲೇಟು ಅಂಗುಳಕ್ಕೆ ಕಚ್ಚಿ ಕೂತಿತು. ಅಪ್ಪ ನಾಲಿಗೆ ಆಡಿಸಿ ನೋಡಿದ, ದವಡೆ ಆಡಿಸಿ ನೋಡಿದ. ಅಕ್ಕ ಎದುರಿಗೆ ಬಗ್ಗಿ ನಿಂತು “ಹೇಗಿದೆ ಅಪ್ಪಾ?” ಅಂದಳು, ಎಡಗೆನ್ನೆ ಎತ್ತಿ.

“ಚೆನ್ನಾಗಿದೆ” ಅಂದ ಅಪ್ಪ.

ಮುಖದಲ್ಲಿ ಏನೂ ಇರಲಿಲ್ಲ. ಅಳಿಸಿದ ಕಪ್ಪು ಹಲಗೆ. ಕಣ್ಣು ಅಕ್ಕನನ್ನು ನೋಡುತ್ತಿತ್ತು, ಬಾಯಿ ಮಾತಾಡಿತ್ತು, ಕೆನ್ನೆ ಎರಡೂ ಸಮನಾಗಿ ಜೋತುಬಿದ್ದಿದ್ದವು. ಅಕ್ಕ ಮತ್ತೆ ಮಾತಾಡಿಸಿದಳು, ಮಗಳ ಫೋಟೋ ತೋರಿಸಿದಳು. ಅಪ್ಪ ಎಲ್ಲದಕ್ಕೂ ಉತ್ತರ ಕೊಟ್ಟ, ಪೋಸ್ಟಾಫೀಸಿನ ಕಿಟಕಿಯಲ್ಲಿ ಕೂತವನು ಕೊಡುವ ಹಾಗೆ.

“ಏನೋ ಮಾಡಿದೆ ನೀನು?” ಅಕ್ಕ ಇವನ ಕಡೆ ತಿರುಗಿದಳು. “ಅಪ್ಪನ ನಗು ಎಲ್ಲಿ?”

“ಹೊಸದು, ಎರಡು ದಿನ ಬೇಕು.”

“ಬೇಕು ಅಂತಲೇ ಮಾಡಿದ್ದೀಯ. ನಿಂಗೆ ಬರಲಿಲ್ಲ ಅಂತ ಹೊಟ್ಟೆಕಿಚ್ಚು. ಚಿಕ್ಕಂದಿನಿಂದ ನೋಡ್ತಿದ್ದೀನಿ.”

ಅಪ್ಪ ಅಷ್ಟರಲ್ಲಿ ಮೇಜಿನ ಮೇಲಿದ್ದ ಹುರಿದ ಕಡಲೆಬೀಜದ ಬಟ್ಟಲನ್ನು ಹತ್ತಿರ ಎಳೆದುಕೊಂಡು ಒಂದೊಂದೇ ಬಾಯಿಗೆ ಹಾಕಿ ಅಗಿಯತೊಡಗಿದ್ದ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ಮುದುಕನಿಗೆ ಈಗ ಎರಡೂ ಒಟ್ಟಿಗೆ ಸಿಕ್ಕಿತ್ತು. ಮಕ್ಕಳ ಜಗಳ ಅವನ ಕಿವಿಗೆ ಬೀಳುತ್ತಿರಲಿಲ್ಲ. ಬಟ್ಟಲು ಖಾಲಿ ಆಗುವವರೆಗೂ ಅಗಿದ.

ಎರಡು ದಿನ ಅಂದದ್ದು ವಾರವಾದರೂ ನಗು ಬರಲಿಲ್ಲ. ಅಕ್ಕ ದಿನಾ ಫೋನು ಮಾಡಿ ಬೈದಳು. ಇವನಿಗೆ ತನ್ನ ಕೈಮೇಲೇ ಅನುಮಾನ ಬಂತು. ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಹಳೇ ಪ್ಲೇಟಿನ ಎರಡು ತುಂಡನ್ನೂ ಮೇಣದಲ್ಲಿ ಜೋಡಿಸಿ, ಅಪ್ಪನ ಒಸಡಿನ ಪ್ಲಾಸ್ಟರು ಅಚ್ಚಿನ ಮೇಲೆ ಕೂರಿಸಿದ. ಕೂರಲಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು, ಕುಂಟು ಕಾಲಿನ ಕುರ್ಚಿಯ ಹಾಗೆ. ಒಸಡು ವಯಸ್ಸಿಗೆ ಸವೆದಿದೆ ಅಂದುಕೊಂಡ. ತಿರುಗಿಸಿ ಒಳಭಾಗ ನೋಡಿದ. ಇಲ್ಲ, ಇದು ಮಾಡುವಾಗಲೇ ಕೆಟ್ಟದ್ದು. ಎರಕ ಹೊಯ್ದವನು ಅಂಗುಳದ ಎಡಕ್ಕೆ ಒಂದು ಗುಳ್ಳೆ ಬಿಟ್ಟಿದ್ದ, ಅದು ಪ್ಲೇಟಿನಲ್ಲಿ ಉಬ್ಬಾಗಿ ನಿಂತಿತ್ತು. ಮೊದಲ ದಿನದಿಂದಲೇ ಆ ಪ್ಲೇಟು ಎಡಕ್ಕೆ ಜಾರುತ್ತಿತ್ತು. ಎಡಗೆನ್ನೆ ಬಿಗಿಹಿಡಿದು, ತುಟಿಯ ಅಂಚನ್ನು ಮೇಲಕ್ಕೆಳೆದು ಒತ್ತಿದರೆ ಮಾತ್ರ ನಿಲ್ಲುತ್ತಿತ್ತು.

ಅವನು ತನ್ನ ಎಡಗೆನ್ನೆ ಬಿಗಿಹಿಡಿದು ನೋಡಿದ. ಕಣ್ಣು ತಾನಾಗಿ ಕಿರಿದಾಯಿತು.

ಆಮೇಲೆ ಅವನಿಗೆ ನಗು ಬಂತು. ಅವನ ಸ್ವಂತದ್ದು, ಕೆಟ್ಟ ನಗು. ಬಾಗಿಲು ಹಾಕಿದ ರೂಮಿನಲ್ಲಿ ಒಬ್ಬನೇ ಕೂತು ಕೆಮ್ಮು ಬರುವವರೆಗೂ ನಕ್ಕ. ಪುಡಿ ಕೊಡವಿಕೊಳ್ಳದೆ ಹಾಗೇ ಅಕ್ಕನ ಮನೆಗೆ ಹೊರಟ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಯಾರಿಗಾದರೂ ನೋವಾಗುತ್ತೆ ಅನ್ನುವ ಯೋಚನೆ ಬರಲಿಲ್ಲ ಅಂತಲ್ಲ, ಬಂತು, ಅದೇ ಅವನನ್ನು ಬೇಗ ಬೇಗ ನಡೆಸಿತು.

ಅಪ್ಪ ಊಟದ ಮೇಜಿನಲ್ಲಿ ಬ್ರೆಡ್ಡಿನ ಗಟ್ಟಿ ಅಂಚನ್ನು ಕಚ್ಚುತ್ತಿದ್ದ. ಅಕ್ಕ ಡ್ಯೂಟಿಗೆ ಹೊರಡಲು ತಲೆ ಬಾಚುತ್ತಿದ್ದಳು.

“ಅಕ್ಕ, ಅಪ್ಪನ ನಗು ಎಲ್ಲಿ ಅಂತ ಕೇಳ್ತಿದ್ದೆಯಲ್ಲ, ಸಿಕ್ತು.” ಜೋಡಿಸಿದ ಪ್ಲೇಟನ್ನು ಅಚ್ಚಿನ ಸಮೇತ ಮೇಜಿನ ಮೇಲಿಟ್ಟ. ಬೆರಳಿನಿಂದ ಒತ್ತಿದ. ಟಕ್ ಟಕ್ ಅಂದಿತು. “ಕೇಳಿಸ್ತಾ? ಇದೇ. ಎಡಗಡೆ ಜಾರ್ತಿತ್ತು. ಬೀಳದ ಹಾಗೆ ಕೆನ್ನೆಯಲ್ಲಿ ಹಿಡ್ಕೊಳ್ತಿದ್ದ. ನಗುವೂ ಇಲ್ಲ, ಮಣ್ಣೂ ಇಲ್ಲ.”

“ಏನೇನೋ ಮಾತಾಡ್ಬೇಡ.”

“ಅಪ್ಪ ಜಾರೋ ಹಲ್ಲನ್ನ ಹಿಡ್ಕೊಂಡ. ನೀನು ಅಪ್ಪನ್ನ ನೋಡಿ ಹಿಡ್ಕೊಂಡೆ. ನಿನ್ನ ಮಗಳು ನಿನ್ನ ನೋಡಿ ಹಿಡ್ಕೊಂಡ್ಲು. ಇಲ್ಲದ ಪ್ಲೇಟನ್ನ ಹಿಡ್ಕೊಂಡು ಓಡಾಡ್ತಿದ್ದೀರಿ ನೀವೆಲ್ಲ. ಅದಕ್ಕೆ ವಂಶದ ನಗು ಅಂತ ಹೆಸರು ಬೇರೆ.”

ಅಕ್ಕನ ಕೈಯಲ್ಲಿ ಬಾಚಣಿಗೆ ಹಾಗೇ ನಿಂತಿತು. ಅಪ್ಪನ ಹತ್ತಿರ ಹೋಗಿ ಬಗ್ಗಿದಳು.

“ಅಪ್ಪಾ, ಸುಳ್ಳು ಅಂತ ಹೇಳು.”

ಅಪ್ಪ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದ. “ಹಾಳು ಪ್ಲೇಟು ಅದು. ಬಿಗಿ ಹಿಡೀದೆ ಇದ್ರೆ ಮಾತಾಡೋಕೆ ಆಗ್ತಿರಲಿಲ್ಲ.”

“ಮತ್ತೆ ನಾನು ಬಾಗಿಲು ತೆಗೆದಾಗ ನಗ್ತಿದ್ದೆಯಲ್ಲ?”

“ನೀನು ಬಾಗಿಲಲ್ಲೇ ಮಾತು ಶುರು ಮಾಡ್ತಿದ್ದೆ. ಉತ್ತರ ಕೊಡ್ಬೇಕಲ್ಲ. ನಂಗೆ ನಗೋ ಅಭ್ಯಾಸ ಇಲ್ಲ ಕಣಮ್ಮ.”

ಹೇಳುವಾಗ ಅವನ ಧ್ವನಿಯಲ್ಲಿ ಕೋಪ ಇರಲಿಲ್ಲ, ಬೇಸರವೂ ಇರಲಿಲ್ಲ. ಕೇಳಿದ್ದಕ್ಕೆ ಹೇಳಿದ. ಅಕ್ಕ ಕುರ್ಚಿ ಎಳೆದು ಕೂತಳು. ಅವಳ ಎಡಗೆನ್ನೆ ಒಮ್ಮೆ ಅದುರಿತು, ಅವಳು ಅದನ್ನು ಅಂಗೈಯಿಂದ ಮುಚ್ಚಿಕೊಂಡಳು. ಹರಳೆಣ್ಣೆಗೆ ಆ ಕ್ಷಣದಷ್ಟು ಸುಖ ಯಾವತ್ತೂ ಆಗಿರಲಿಲ್ಲ. ಇಡೀ ಬಾಲ್ಯದ ಬಾಕಿ ಒಂದೇ ಏಟಿಗೆ ತೀರಿಹೋಗಿತ್ತು.

ಆ ಸುಖದಲ್ಲೇ ಅವನಿಗೊಂದು ಆಸೆ ಹುಟ್ಟಿತು ನೋಡಿ. ಚಿಕ್ಕಂದಿನಲ್ಲಿ ರಜೆಯ ದಿನ ಅಪ್ಪನಿಗೆ ಊಟ ತೆಗೆದುಕೊಂಡು ವರ್ಕ್‌ಶಾಪಿಗೆ ಹೋಗುತ್ತಿದ್ದದ್ದು ನೆನಪಾಯಿತು. ಅಲ್ಲಿ ಅಪ್ಪ ಪ್ಲೇಟು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು, ಒಳಕ್ಕೆ ಕುಸಿದ ಬಾಯಿಯಲ್ಲಿ ಇವನ ಪಕ್ಕ ಕೂತು ಉಣ್ಣುತ್ತಿದ್ದ. ಅಕ್ಕನ ಮುಂದೆ ಮುಖವಾಡ, ತನ್ನ ಮುಂದೆ ನಿಜವಾದ ಮುಖ. ಅಂದರೆ ಅಪ್ಪ ಸಲಿಗೆಯಿಂದ ಇದ್ದದ್ದು ತನ್ನೊಬ್ಬನ ಹತ್ತಿರ. ಎಷ್ಟು ಸುಲಭ, ಎಷ್ಟು ಸರಿಯಾಗಿ ಹೊಂದುತ್ತದೆ. ಸುಮ್ಮನೆ ಅಷ್ಟನ್ನೇ ನಂಬಿಕೊಂಡು ಮನೆಗೆ ಹೋಗಬಹುದಿತ್ತು. ಸತ್ಯದ ಚಟ ಬಿಡಬೇಕಲ್ಲ.

“ನನ್ನ ಹತ್ರ ಯಾಕೆ ಬಿಗಿ ಹಿಡೀತಿರಲಿಲ್ಲ ಅಪ್ಪಾ?” ಅಂತ ಕೇಳಿದ. ಧ್ವನಿ ಮೆತ್ತಗಾಗಿತ್ತು.

ಅಪ್ಪ ಅವನನ್ನು ನೋಡಿದ. ನಿಜವಾಗಿಯೂ ಯೋಚನೆ ಮಾಡಿದ. “ನಿನ್ನ ಹತ್ರ ಮಾತಾಡೋಕೆ ಏನಿತ್ತು?” ಅಂದ. ಆಮೇಲೆ ಬ್ರೆಡ್ಡಿನ ಇನ್ನೊಂದು ತುಂಡನ್ನು ತೆಗೆದುಕೊಂಡ.

ಆ ಮಾತಿಗೆ ಒಳ್ಳೆಯ ಅರ್ಥ ಹುಡುಕಬೇಡಿ. ಅವನೂ ವಾಪಸ್ ಬರುವಾಗ ದಾರಿಯುದ್ದಕ್ಕೂ ಹುಡುಕಿದ, ಸಿಗಲಿಲ್ಲ. ದ್ವೇಷ ಇದ್ದಿದ್ದರೂ ಪರವಾಗಿರಲಿಲ್ಲ, ದ್ವೇಷಿಸುವುದಕ್ಕಾದರೂ ಎದುರಿಗೆ ಒಬ್ಬ ಮನುಷ್ಯ ಬೇಕು. ಇಲ್ಲಿ ಮಗಳ ಕಡೆ ಪ್ರೀತಿಯೂ ಇರಲಿಲ್ಲ, ಮಗನ ಕಡೆ ತಾತ್ಸಾರವೂ ಇರಲಿಲ್ಲ. ಒಬ್ಬಳು ಮಾತಾಡಿಸಿದಳು, ಒಬ್ಬ ಮಾತಾಡಿಸಲಿಲ್ಲ, ನಡುವೆ ಒಂದು ಕೆಟ್ಟ ಪ್ಲೇಟು ಇತ್ತು. ಅದರ ಮೇಲೆ ಒಬ್ಬಳು ಅರಮನೆ ಕಟ್ಟಿಕೊಂಡಳು, ಒಬ್ಬ ಮಸಣ ಕಟ್ಟಿಕೊಂಡ. ಪ್ರಪಂಚ ಸುಳ್ಳಿನ ಮೇಲೆ ನಿಂತಿದೆ ಅಂತ ಬೇರೆಯವರಿಗೆ ಹೇಳುವುದು ಸುಖವಾಗಿರುತ್ತದೆ. ತನ್ನ ಸಂಕಟವೂ ಅದೇ ಸುಳ್ಳಿನ ಮೇಲೆ ನಿಂತಿತ್ತು ಅಂತ ಗೊತ್ತಾದರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಕೆಲವು ದಿನ ಯಾರ ಫೋನೂ ಬರಲಿಲ್ಲ. ಆಮೇಲೆ ಅಕ್ಕ ಮತ್ತೆ ಮೆಟ್ಟಿಲು ಹತ್ತಿ ಬಂದಳು. ಮುಖ ಬೇರೆಯವರದ್ದಾಗಿತ್ತು. ಮಾತಿಗೆ ಮುಂಚೆ ಎಡಗೆನ್ನೆ ಏಳುವುದು, ಅವಳು ತಡೆದು ಕೆಳಗಿಳಿಸುವುದು, ಇವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

“ಕೌಂಟರಲ್ಲಿ ನಗೋಕೆ ಹೋದ್ರೆ ಆ ಟಕ್ ಟಕ್ ಕೇಳಿಸುತ್ತೆ” ಅಂದಳು. “ಮಗಳು ನಕ್ಕರೆ ನೋಡೋಕ್ಕಾಗಲ್ಲ. ಅಪ್ಪನ ಮುಖ ಅಂತೂ ಗೋಡೆ ಥರ. ಆ ಮನುಷ್ಯನ ಜೊತೆ ಒಂದೇ ಮನೇಲಿ ಇರೋಕೆ ಭಯ ಆಗುತ್ತೆ. ಆ ಹೊಸ ಪ್ಲೇಟನ್ನ ಸಡಿಲ ಮಾಡಿಕೊಡು.”

ಅವನಿಗೆ ಮೊದಲು ಅರ್ಥ ಆಗಲಿಲ್ಲ. “ಏನಂದೆ?”

“ಎಡಗಡೆ ಜಾರೋ ಹಾಗೆ ಮಾಡು. ಹಳೇದರ ಥರ.”

“ತಲೆ ಕೆಟ್ಟಿದೆಯಾ? ಗೊತ್ತಾದ ಮೇಲೂ?”

“ಗೊತ್ತಾದ ಮೇಲೂ.”

“ಒಸಡು ಹುಣ್ಣಾಗುತ್ತೆ. ಈಗ ಕಡಲೆಬೀಜ ತಿಂತಿದ್ದಾನೆ ಆ ಮನುಷ್ಯ. ಮತ್ತೆ ಬ್ರೆಡ್ಡನ್ನ ಹಾಲಲ್ಲಿ ನೆನೆಸಬೇಕಾಗುತ್ತೆ.”

“ನೆನೆಸ್ತೀನಿ” ಅಂದಳು ಅಕ್ಕ. “ಅಪ್ಪನ್ನ ಕೇಳಿದೆ. ಏನಾದ್ರೂ ಮಾಡ್ಕೊಳ್ಳಿ ಅಂದ. ನಿಂಗೂ ಬೇಕು ಕಣೋ. ಬಾಯಿ ಬಿಟ್ಟು ಹೇಳೋ ಧೈರ್ಯ ಇಲ್ಲ ಅಷ್ಟೇ.”

ಕರವಸ್ತ್ರದಲ್ಲಿ ಸುತ್ತಿದ ಪ್ಲೇಟನ್ನು ಮೇಜಿನ ಮೇಲಿಟ್ಟು ಅವಳು ಇಳಿದುಹೋದಳು.

ಅವಳನ್ನು ಬೈದ. ಅಪ್ಪನನ್ನು ಬೈದ. ತಾನು ಮಾಡಿದ್ದರಲ್ಲೆಲ್ಲ ಚೆನ್ನಾದ ಕೆಲಸವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಆಮೇಲೆ ಉಜ್ಜುವ ಮಿಷನ್ನು ಹಾಕಿದ. ಹಿಂದಿನ ಅಂಚನ್ನು ಸ್ವಲ್ಪ ಉಜ್ಜಿದರೆ ಗಾಳಿ ಒಳಗೆ ಸೇರುತ್ತದೆ, ಪ್ಲೇಟು ಹಿಡಿತ ಬಿಡುತ್ತದೆ. ಅಷ್ಟು ಉಜ್ಜಿದ. ಅಂಗುಳದ ಎಡಕ್ಕೆ ಹಳೆಯದರಲ್ಲಿದ್ದ ಗುಳ್ಳೆಯಂಥದ್ದೇ ಒಂದು ಉಬ್ಬನ್ನು ಹುಷಾರಾಗಿ ಸೇರಿಸಿದ. ಯಾರೋ ಗೊತ್ತಿಲ್ಲದವನು ಅಜಾಗರೂಕತೆಯಿಂದ ಮಾಡಿದ್ದನ್ನು ಇವನು ಗಮನವಿಟ್ಟು ಮಾಡಿದ. ಗುಲಾಬಿ ಪುಡಿ ಅವನ ತೊಡೆಯ ಮೇಲೆಲ್ಲ ಬಿತ್ತು.

ಸಂಜೆ ಅಕ್ಕನ ಮನೆಯಲ್ಲಿ ಅಪ್ಪನಿಗೆ ಹಾಕಿಸಿದ. ಅಪ್ಪ ನಾಲಿಗೆ ಆಡಿಸಿದ, ಮುಖ ಕಿವುಚಿದ. ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. ಮೇಜಿನ ಮೇಲೆ ಕಡಲೆಬೀಜದ ಬಟ್ಟಲು ಇರಲಿಲ್ಲ, ಅವಳು ಮುಂಚೆಯೇ ಎತ್ತಿಟ್ಟಿದ್ದಳು.

ಅಪ್ಪ ಏನೋ ಹೇಳಬೇಕಾಗಿತ್ತು. ಹತ್ತಿರ ಕೂತಿದ್ದವನು ಮಗ. ಹಾಗಾಗಿ ಮಗನ ಕಡೆಗೇ ತಿರುಗಿದ. ಎಡಗೆನ್ನೆ ಬಿಗಿಯಾಯಿತು. ತುಟಿಯ ಅಂಚು ಮೇಲೆ ಹೋಯಿತು. ಎಡಗಣ್ಣು ಕಿರಿದಾಗಿ, ಅದರಲ್ಲಿ ಆ ತುಂಟತನ, ಆ ಅಕ್ಕರೆ, ಎಲ್ಲಾ ಬಂದು ಕೂತವು. ಅಷ್ಟು ಹತ್ತಿರದಿಂದ ಅದನ್ನು ಅವನು ಯಾವತ್ತೂ ನೋಡಿರಲಿಲ್ಲ.

“ನೀರು ಕೊಡು” ಅಂದ ಅಪ್ಪ.

ಅವನಿಗೆ ಎಲ್ಲಾ ಗೊತ್ತಿತ್ತು. ಉಬ್ಬು ಎಲ್ಲಿದೆ, ಎಷ್ಟು ಎತ್ತರ ಇದೆ, ಅದು ಯಾವ ಕಡೆ ಒತ್ತುತ್ತಿದೆ ಅಂತ ಅವನಷ್ಟು ಸರಿಯಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಆದರೂ ಕಣ್ಣು ತುಂಬಿ ಬಂತು, ಎದೆಯಲ್ಲಿ ಹಿಡಿಸಲಾರದಷ್ಟು ಸಂತೋಷ ಆಯಿತು. ಥೂ ನಿನ್ನ ಅಂತ ತನಗೇ ಹೇಳಿಕೊಂಡ.

ನೀರು ತರಲು ಎದ್ದ. ಬಾಗಿಲಲ್ಲಿ ನಿಂತಿದ್ದ ಅಕ್ಕ ಅವನ ಎಡಗೆನ್ನೆ ನೋಡಿ, “ನೋಡು, ನಿಂಗೂ ಬಂತು” ಅಂದಳು.